ಕಾಡಿಗೆ ಹೋಗುವವರಿಗೆ ಮಾತು ಮುಟ್ಟಿದ ದಾರಿ

ಸಾಗರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಜಾಗೃತಿ ಕೆಲಸಕ್ಕೆ ನಾನು ಸೇರಿಕೊಂಡದ್ದು 2019ರಲ್ಲಿ, ಅರಲಗೋಡು ಭಾಗದಲ್ಲಿ ಸಾವುಗಳಾದ ಮೇಲೆ. ಕಾಯಿಲೆ ಹೊಸದಲ್ಲ. 1957ರಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಸೋಂಕಿರುವ ಉಣುಗು ಕಚ್ಚಿದರೆ ಬರುತ್ತದೆ, ಡಿಸೆಂಬರಿನಿಂದ ಮೇ ತನಕ ಕಾಟ ಜಾಸ್ತಿ. ಇಷ್ಟು ಅಲ್ಲಿನ ಅಜ್ಜಿಯರಿಗೂ ಗೊತ್ತಿತ್ತು.

ಪ್ರಚಾರ ಮಾತ್ರ ಮಾಮೂಲಿ ಥರದ್ದೇ. ಮೈಕ್ ಕಟ್ಟಿದ ಆಟೋ, ಕರಪತ್ರ, ಪಂಚಾಯಿತಿ ಗೋಡೆಗೆ ಪೋಸ್ಟರ್: ‘ಕಾಡಿಗೆ ಹೋಗಬೇಡಿ’. ಮನೆಮನೆಗೆ ಹೋಗಿ ವಿಚಾರಿಸಿದರೆ ಎಲ್ಲರೂ ಕೇಳಿದ್ದರು, ಹೌದೆಂದು ತಲೆಯನ್ನೂ ಆಡಿಸಿದರು. ಬೆಳಗಾದರೆ ಮತ್ತೆ ಬೆಟ್ಟಕ್ಕೆ. ಒಬ್ಬ ಹೆಂಗಸು ನೇರವಾಗಿ ಕೇಳಿದಳು: “ಹೋಗ್ಬೇಡಿ ಅಂತೀರಲ್ಲ ಸರ್, ಕೊಟ್ಟಿಗೆಗೆ ದರಕು (ಒಣಗಿದ ಎಲೆ) ನೀವು ತಂದು ಹಾಕ್ತೀರಾ?”

ಟಿವಿ ಇನ್ನೊಂದು ಥರ ಕೆಲಸ ಮಾಡಿತ್ತು. ಹೆದರಿಸಿತ್ತು, ಏನು ಮಾಡಬೇಕೆಂದು ಹೇಳಿರಲಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಯಬೇಕು, ಸುತ್ತಲಿನ ಜಾಗದಲ್ಲಿ ಸೋಂಕಿನ ಉಣುಗು ಇದ್ದೀತೆಂಬ ಮುನ್ಸೂಚನೆ ಅದು. ಆದರೆ ಊರಿನ ಹೆಸರು ಟಿವಿಯಲ್ಲಿ ಬಂದರೆ ನೆಂಟರೂ ಬರಲಿಕ್ಕಿಲ್ಲ ಎಂದು ಸುಮ್ಮನಾದವರನ್ನು ನಾನೇ ಕಂಡಿದ್ದೇನೆ.

ಹಾಗಾಗಿ ಎರಡನ್ನು ಬದಲಿಸಿದೆವು. ಮಾತನ್ನು, ಅದನ್ನು ಹೇಳುವ ಜಾಗವನ್ನು. ‘ಹೋಗಬೇಡಿ’ ಬಿಟ್ಟು ‘ಹೋಗುವುದಾದರೆ ಹೀಗೆ ಹೋಗಿ’ ಎಂದೆವು: ಮೈ ಮುಚ್ಚುವ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ (ಆಗ ಡಿಎಂಪಿ ಎಂಬುದು, ಆಮೇಲೆ ಡೆಪಾ ಎಂಬುದು ಬಂತು), ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಹೇಳುವ ಜಾಗ ಹಾಲಿನ ಡೈರಿ. ಬೆಳಿಗ್ಗೆ ಹಾಲು ಹಾಕಿ ಅಲ್ಲಿಂದಲೇ ಬೆಟ್ಟದ ದಾರಿ ಹಿಡಿಯುವವರು ಬಹಳ. ಎಣ್ಣೆಯ ಬಾಟಲಿ ಡೈರಿಯ ಮೇಜಿನ ಮೇಲೆ ಬಂತು. ಹಾಲು ಅಳೆಯುವವನು ‘ಹಚ್ಕೊಂಡು ಹೋಗಿ’ ಎಂದರೆ ಹಚ್ಚಿಕೊಳ್ಳುತ್ತಿದ್ದರು. ಅದೇ ಮಾತನ್ನು ನಾನು ಮೈಕಿನಲ್ಲಿ ಎಷ್ಟು ಸಲ ಹೇಳಿದ್ದೆನೋ!

ಇದೇನು ನನ್ನ ಶೋಧವಲ್ಲ. 1940ರ ಅಮೆರಿಕದ ಚುನಾವಣೆ ಹೊತ್ತಿಗೆ ಒಹಾಯೊದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದ ಸಮಾಜವಿಜ್ಞಾನಿ ಪಾಲ್ ಲಾಜರ್ಸ್‌ಫೆಲ್ಡ್ ತಂಡ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ರೇಡಿಯೊ, ಪತ್ರಿಕೆ ನೇರವಾಗಿ ಮನಸ್ಸು ತಿರುಗಿಸುವುದು ಕಡಿಮೆ. ಅವನ್ನು ಗಮನಿಸುವ ಕೆಲವರ ಬಾಯಿಂದ ಉಳಿದವರಿಗೆ ದಾಟುವುದು ಹೆಚ್ಚು.

ವಾಟ್ಸಾಪ್‌ನದು ನಾನು ಎಣಿಸಿರದ ದಾರಿ. ಊರಿನ ಆಶಾ ಕಾರ್ಯಕರ್ತೆಯ ದನಿಯಲ್ಲೇ, ಅವರಾಡುವ ಮಾತಿನಲ್ಲೇ ಒಂದು ನಿಮಿಷದ ಧ್ವನಿ ಸಂದೇಶ ಮಾಡಿಸಿ ಹಾಕಿದೆವು. ಶರಾವತಿ ಹಿನ್ನೀರಿನ ಕಡೆ ನೆಟ್‌ವರ್ಕ್ ಸಿಗುವುದೇ ಅಪರೂಪ, ಕೇಳಬೇಕಾದವರ ಕೈಯಲ್ಲಿ ಕೀಪ್ಯಾಡ್ ಫೋನು. ಆದರೂ ಅದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳ ಗುಂಪುಗಳಿಗೆ ಹೋಯಿತು. ಅವರು ಮನೆಗೆ ಫೋನು ಮಾಡಿದಾಗಲೆಲ್ಲ “ಅಮ್ಮ, ಎಣ್ಣೆ ಹಚ್ಕಂಡು ಹೋಗ್ತಿದ್ಯಾ?” ಎಂದು ಕೇಳತೊಡಗಿದರು. ಮಗ ಕೇಳಿದನೆಂದು ಎಣ್ಣೆಗೆ ಬಂದವರು ಡೈರಿಯಲ್ಲಿ ಸಿಕ್ಕರು.

ಎಣ್ಣೆ ಜಿಗುಟು, ಬೆವರಿಗೆ ಇಳಿದುಹೋಗುತ್ತದೆ ಎಂಬ ದೂರೂ ಅಲ್ಲೇ ಸಿಕ್ಕಿತು. ಅದಕ್ಕೆ ಪ್ರಚಾರದಲ್ಲಿ ಉತ್ತರವಿಲ್ಲ. ಬರೆದುಕೊಂಡು ಆರೋಗ್ಯ ಕೇಂದ್ರದ ವೈದ್ಯರಿಗೆ ಕೊಟ್ಟೆವು.