ಮೊದಲು ಕೆಡಿಸಿ ಕೊಡಿ, ಆಮೇಲೆ ಕೋಡ್ ಹೇಳಿಕೊಡಿ

ವೆಬ್ ಅನಿಮೇಷನ್ ಮಾಡುವ ಡಿಸೈನರ್‌ಗಳಿಗೆ ಅಡ್ವಾನ್ಸ್ಡ್ ಸ್ಕ್ರಿಪ್ಟಿಂಗ್ ಹೇಳಿಕೊಡುತ್ತೇನೆ ಅಂದಾಗ ನನಗೆ ಗೊತ್ತಿರುವ ಡೆವಲಪರ್‌ಗಳೆಲ್ಲ ನಕ್ಕಿದ್ದರು. 'ಅವರಿಗ್ಯಾಕೆ ಸಾರ್ ಕೋಡು, ಯಾವುದಾದ್ರೂ ಟೂಲ್ ಕೊಡಿ, ಎಳೆದು ಬಿಟ್ಟುಕೊಂಡು ಇರ್ತಾರೆ' ಅಂತ. ಈಗ ನನ್ನ ಬ್ಯಾಚ್‌ನ ಹುಡುಗರು ಬರೆದ ಫೈಲನ್ನು ಆ ಡೆವಲಪರ್‌ಗಳೇ ಎತ್ತಿ ಪ್ರಾಜೆಕ್ಟ್‌ಗೆ ಹಾಕಿಕೊಳ್ಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿರುವುದು. ಸ್ವಲ್ಪ ಜಂಬ ಅನ್ನಿಸಿದರೆ ಅನ್ನಿಸಲಿ.

ಮೊದಲ ಬ್ಯಾಚ್‌ಗಳು ಎಲ್ಲರ ಸಿಲಬಸ್‌ನಂತೆಯೇ ನಡೆದವು. ವೇರಿಯಬಲ್, ಲೂಪ್, ಅರೇ, ಆಬ್ಜೆಕ್ಟ್. ಮೂರನೇ ವಾರಾಂತ್ಯಕ್ಕೆ ಅರ್ಧ ಕುರ್ಚಿ ಖಾಲಿ. ಜಯನಗರದಲ್ಲಿ ಹಿಡಿದಿದ್ದ ರೂಮಿಗೆ ವಾರಾಂತ್ಯಕ್ಕೆ ಮೂರೂವರೆ ಸಾವಿರದ ಹತ್ತಿರ ಬಾಡಿಗೆ, ತಲೆಗೆ ಎಂಟು ಸಾವಿರ ಫೀ, ಅದರಲ್ಲೂ ಕೆಲವರಿಗೆ ವಾಪಸ್ ಕೊಟ್ಟಿದ್ದು. ಎಲ್ಲ ಕಳೆದು ಸುಮಾರು ನಲವತ್ತು ಸಾವಿರ ಕೈಬಿಟ್ಟಿತು. ಒಬ್ಬ ಒಳ್ಳೆ ಎಂಜಿನಿಯರ್‌ನ ಕರೆಸಿದೆ. ಆತ ಅರ್ಧ ದಿನ ಕ್ಲೋಷರ್ ಅನ್ನುವ ಪ್ರೋಗ್ರಾಮಿಂಗ್ ವಿಷಯದ ಬಗ್ಗೆ ಮಾತಾಡಿದ, ಹಿಂದಿನ ಸಾಲಿನಲ್ಲಿ ಒಬ್ಬಳು ಡಿಸೈನ್ ಟೂಲ್ ಫಿಗ್ಮಾದಲ್ಲಿ ಆತನ ಮುಖ ಬಿಡಿಸಿದಳು. ತುಂಬಾ ಚೆನ್ನಾಗಿ ಬಿಡಿಸಿದ್ದಳು.

ಫ್ಲ್ಯಾಶ್ ಅನ್ನುವ ಹಳೆ ಅನಿಮೇಷನ್ ಸಾಫ್ಟ್‌ವೇರ್ ಕಾಲದಲ್ಲೂ ಹೀಗೇ ಆಗಿತ್ತು, ಹಳಬರಿಗೆ ನೆನಪಿರಬೇಕು. ಬಟನ್ ಮೇಲೇ ಎರಡು ಸಾಲು ಬರೆದು ಕೆಲಸ ಮುಗಿಸುತ್ತಿದ್ದೆವು. 2006ರಲ್ಲಿ ಅದರ ಸ್ಕ್ರಿಪ್ಟ್ ಭಾಷೆಯ ಹೊಸ ಆವೃತ್ತಿ ಆಕ್ಷನ್‌ಸ್ಕ್ರಿಪ್ಟ್ 3 ಬಂತು, ಎಲ್ಲದಕ್ಕೂ ಲಿಸನರ್ (ಕ್ಲಿಕ್ಕಿಗೆ ಕಾದು ಕೂರುವ ಕೋಡು) ಹಾಕಬೇಕಾಯ್ತು. ಇಲ್ಲದ ವಸ್ತುವನ್ನು ಕರೆದರೆ ಬರುವ ಆ 1009 ನಂಬರಿನ ಎರರ್ ನೋಡಿ ನೋಡಿ ಎಷ್ಟು ಒಳ್ಳೊಳ್ಳೆ ಅನಿಮೇಟರ್‌ಗಳು ಸ್ಕ್ರಿಪ್ಟ್ ಕಡೆ ತಲೆ ಹಾಕುವುದನ್ನೇ ಬಿಟ್ಟರು! ಅವರಿಗೆ ಬುದ್ಧಿ ಕಮ್ಮಿ ಇತ್ತಾ? ಇಲ್ಲ. ಅವರು ನೋಡುವುದು ಚಲನೆಯನ್ನು, ನಾವು ತೋರಿಸಿದ್ದು ವ್ಯಾಕರಣವನ್ನು.

ಈಗ ನಾನು ಮಾಡುವುದು ಇಷ್ಟೇ. ಮೊದಲ ದಿನ ಪೂರ್ತಿ ಮುಗಿದ, ನೋಡಲು ಚೆಂದ ಇರುವ ಒಂದು ಅನಿಮೇಷನ್ ಕೊಡುತ್ತೇನೆ. ಹುಚ್ಚಾಪಟ್ಟೆ ಕ್ಲಿಕ್ ಮಾಡಿ ಅನ್ನುತ್ತೇನೆ. ಐದು ನಿಮಿಷದಲ್ಲಿ ಕೆಡುತ್ತದೆ, ಕೆಡಲೆಂದೇ ಕಟ್ಟಿದ್ದು. ಸಿನಿಮಾದಲ್ಲಿ ನೋಡುವವನು ಮಧ್ಯೆ ಕೈ ಹಾಕಲ್ಲ, ವೆಬ್‌ನಲ್ಲಿ ಹಾಕುತ್ತಾನೆ. ಸ್ಕ್ರಿಪ್ಟ್ ಬೇಕಾಗುವುದೇ ಅಲ್ಲಿ.

ಒಂದು ಫೈಲ್ ಹೇಳುತ್ತೇನೆ. ಜಿಸ್ಯಾಪ್ ಅನ್ನುವ ಅನಿಮೇಷನ್ ಲೈಬ್ರರಿಯಲ್ಲಿ ಒಂದು ಕಾರ್ಡು, ಮೌಸ್ ಬಂದಾಗ ಫ್ರಮ್ ಟ್ವೀನ್ (ನಾವು ಕೊಟ್ಟ ಕಡೆಯಿಂದ ಶುರುವಾಗುವ ಚಲನೆ), ಒಪ್ಯಾಸಿಟಿ, ಅಂದರೆ ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದು, ಸೊನ್ನೆಯಿಂದ. ನಿಧಾನವಾಗಿ ಮೌಸ್ ತಂದರೆ ಸರಿಯಾಗೇ ಇರುತ್ತದೆ. ಮೌಸನ್ನು ಚಕಚಕ ಒಳಗೆ ಹೊರಗೆ ಆಡಿಸಿದರೆ ಕಾರ್ಡು ಮಂಕಾಗಿ ಹಾಗೇ ನಿಂತುಬಿಡುತ್ತದೆ. ಫ್ರಮ್ ಅನ್ನುವುದು ಆ ಗಳಿಗೆಯ ವ್ಯಾಲ್ಯೂವನ್ನೇ ಗುರಿ ಅಂದುಕೊಳ್ಳುತ್ತದಲ್ವಾ, ಅರ್ಧ ದಾರಿಯಲ್ಲಿ 0.4 ಇದ್ದರೆ ಅದಕ್ಕೆ 0.4ರಲ್ಲೇ ಊರು ಬಂತು. ಇದನ್ನು ನಾನು ಹೇಳಲ್ಲ. ಅವರೇ ವ್ಯಾಲ್ಯೂ ಪ್ರಿಂಟ್ ಮಾಡಿ ಹಿಡಿಯಬೇಕು. ಹಿಡಿದ ಮೇಲೆ ಟೈಮ್‌ಲೈನ್ ಒಂದೇ ಸಲ ಕಟ್ಟಿ, ಒಂದು ವೇರಿಯಬಲ್‌ನಲ್ಲಿ ನಿಲ್ಲಿಸಿಟ್ಟು, ಮೌಸ್ ಬಂದರೆ ಪ್ಲೇ, ಹೋದರೆ ರಿವರ್ಸ್. ವೇರಿಯಬಲ್ ಯಾಕೆ ಬೇಕು ಅಂತ ಅಲ್ಲಿಂದ ಮುಂದೆ ಯಾರೂ ಕೇಳಿಲ್ಲ.

ಇನ್ನೊಂದರಲ್ಲಿ ಪ್ರತಿ ಫ್ರೇಮಿಗೆ ನಾಲ್ಕು ಪಿಕ್ಸೆಲ್ ಸರಿಯುವ ಚಿತ್ರ. ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ 60 ಫ್ರೇಮು, ಸರಿ. ಯಾರದೋ 120 ಹರ್ಟ್ಸ್ ಫೋನಿನಲ್ಲಿ ಅದೇ ಚಿತ್ರ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಕ್ಲಾಸ್ ಪೂರ್ತಿ ಗಲಾಟೆ. ಡೆಲ್ಟಾ ಟೈಮ್ (ಎರಡು ಫ್ರೇಮಿನ ಮಧ್ಯೆ ಕಳೆದ ಸಮಯ ನೋಡಿ ಸರಿಸುವುದು) ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೂರನೇ ಫೈಲಿನಲ್ಲಿ ಏನು ಕೆಡಿಸಿದ್ದೇನೆ ಅಂತ ಇಲ್ಲಿ ಹೇಳಲ್ಲ, ಮುಂದಿನ ಬ್ಯಾಚ್‌ನವರೂ ಓದುತ್ತಿರಬಹುದು.

ಖರ್ಚು ಈಗ ಕಮ್ಮಿ. ಜಿಸ್ಯಾಪ್‌ನ ಅಕ್ಷರ ಬಿಡಿಸುವ ಸ್ಪ್ಲಿಟ್‌ಟೆಕ್ಸ್ಟ್, ಆಕಾರ ಬದಲಿಸುವ ಮಾರ್ಫ್‌ಎಸ್‌ವಿಜಿಗೆಲ್ಲ ಮುಂಚೆ ದುಡ್ಡು ಕೊಟ್ಟು ಸದಸ್ಯರಾಗಬೇಕಿತ್ತು. ವೆಬ್‌ಸೈಟ್ ಕಟ್ಟುವ ಟೂಲ್‌ನ ಕಂಪನಿ ವೆಬ್‌ಫ್ಲೋ ಜಿಸ್ಯಾಪನ್ನು ಕೊಂಡ ಮೇಲೆ 2025ರಲ್ಲಿ ಎಲ್ಲ ಫ್ರೀ ಆಯ್ತು. ನಾನು ದುಡ್ಡು ಹಾಕಿದ್ದು ಒಂದು ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನಿಗೆ, ನಾಲ್ಕೈದು ಸಾವಿರ. ಪುಟದಲ್ಲಿ ಜಾಗ ಹೇಳುವ ಲೆಫ್ಟ್, ಟಾಪ್ ಅಂತ ಅನಿಮೇಟ್ ಮಾಡಿದರೆ ಅದು ತಡವರಿಸಿ ಮಾನ ಕಳೆಯುತ್ತದೆ, ಪುಟದ ಲೇಔಟ್ ಮುಟ್ಟದೆ ಸರಿಸುವ ಟ್ರಾನ್ಸ್‌ಫಾರ್ಮ್‌ಗೆ ಬದಲಾಯಿಸಿದರೆ ಸಲೀಸು. ಫೀ ಹನ್ನೆರಡು ಸಾವಿರ ಮಾಡಿದ್ದೇನೆ, ಸೀಟು ತುಂಬುತ್ತಿದೆ.

ಇದರ ಮಧ್ಯೆ ಒಂದು ಅಡ್ಡದಾರಿ. ಕನ್ನಡ ತಲೆಬರಹವನ್ನು ಅಕ್ಷರ ಅಕ್ಷರವಾಗಿ ಹಾರಿಸಬೇಕು ಅಂತ ಒಬ್ಬ ಹಠ ಹಿಡಿದ. ಸುಮ್ನೆ ಸ್ಪ್ಲಿಟ್ ಮಾಡಿದರೆ ಗುಣಿತ ಒಂದು ಕಡೆ, ಒತ್ತು ಇನ್ನೊಂದು ಕಡೆ. ಪಠ್ಯವನ್ನು ಅಕ್ಷರಗಳಾಗಿ ತುಂಡು ಮಾಡುವ ಬ್ರೌಸರ್‌ನ ಸೆಗ್ಮೆಂಟರ್ ಹಾಕಿದೆವು. ಗುಣಿತ ಸರಿಹೋಯ್ತು, ಆದರೆ 'ಅಕ್ಷರ' ಅನ್ನುವುದು ಅ, ಕ್, ಷ, ರ ಅಂತ ನಾಲ್ಕು ತುಂಡಾಯ್ತು. ಹಲಂತದಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸುವ ನಾಲ್ಕು ಸಾಲು ಬರೆದೆವು, ಕ್ಷ ಕೂಡಿಕೊಂಡಿತು. ಪದದ ಕೊನೆಯ ಹಲಂತ ಬಂದಾಗ ಸ್ಪೇಸ್ ದಾಟಿ ಅಂಟಿಸಬೇಡಿ, ಅಷ್ಟೇ. 'ರಾಜ್‌ಕುಮಾರ್' ಥರದ್ದರಲ್ಲಿ ಜ್ ಆದ ಮೇಲೆ ಎರಡು ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಇರುತ್ತಲ್ಲ, ಅದರಿಂದ ಆ ತುಂಡು ತಾನಾಗೇ ಅಂಟದೆ ಉಳಿಯುತ್ತದೆ, ಏನೂ ಮಾಡಬೇಕಿಲ್ಲ.

ಈಗ ಅವನಿಗೆ ಒತ್ತು ಮಾತ್ರ ಕೆಳಗಿಂದ ಹಾರಿ ಬಂದು ಸೇರಬೇಕಂತೆ. ಟೆಕ್ಸ್ಟ್‌ನಲ್ಲಿ ಅದು ಆಗಲ್ಲ, ಎಸ್‌ವಿಜಿ ಪಾತ್ (ಗೆರೆಗಳಾಗಿ ಬಿಡಿಸಿದ ಚಿತ್ರ) ಮಾಡಿಕೊಂಡು ಒತ್ತನ್ನು ಕೈಯಲ್ಲೇ ಬಿಡಿಸಿಕೊಳ್ಳಬೇಕು. 'ಸ್ತ್ರೀ'ಯಿಂದ ಶುರು ಮಾಡು ಅಂದಿದ್ದೇನೆ.