ಎಲೆ ಉದುರುವ ಮುನ್ನವೇ ಹಿಮ ಬಂದರೆ

ಬೆಟ್ಟದ ಊರುಗಳಿಗೆ ಹಿಮ ಹೊಸದಲ್ಲ. ಜನವರಿಯಲ್ಲಿ ಅರ್ಧ ಮೀಟರ್ ಬಿದ್ದರೂ ಅಲ್ಲಿನವರು ಸಲಿಕೆ ಹಿಡಿದು ದಾರಿ ಬಿಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅದೇ ಅರ್ಧ ಮೀಟರ್ ಅಕ್ಟೋಬರ್‌ನಲ್ಲಿ ಬಿದ್ದರೆ ಊರಿಗೆ ಊರೇ ಕಂಗಾಲಾಗುತ್ತದೆ. ಮರದಲ್ಲಿ ಎಲೆ ಇನ್ನೂ ಇರುತ್ತದೆ, ಗಾಡಿಗೆ ಬೇಸಿಗೆಯ ಟೈರ್ ಇರುತ್ತದೆ, ಸ್ವೆಟರ್ ಅಟ್ಟದ ಮೇಲಿರುತ್ತದೆ. 2011ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಆದದ್ದೂ ಇದೇ. ಎಲೆ ತುಂಬಿದ ಕೊಂಬೆಗಳ ಮೇಲೆ ಒದ್ದೆ ಹಿಮ ಕೂತಿತು, ಕೊಂಬೆಗಳು ತಂತಿಗಳ ಮೇಲೆ ಮುರಿದು ಬಿದ್ದವು. ಸುಮಾರು 30 ಲಕ್ಷ ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು.

ಮುನ್ಸೂಚನೆ ಬಂದ ಮೇಲೆ ಕೈಗೆ ಸಿಗುವುದು ಎರಡೋ ಮೂರೋ ದಿನ. ಅಷ್ಟರಲ್ಲಿ ಏನು ಮಾಡಬೇಕು, ಯಾವುದು ಮೊದಲು?

ಮೊದಲು: ಮುನ್ಸೂಚನೆಯನ್ನು ಸರಿಯಾಗಿ ಓದಿ

ಎಷ್ಟು ಸೆಂಟಿಮೀಟರ್ ಹಿಮ ಅನ್ನುವುದರ ಮೇಲೇ ಎಲ್ಲರ ಕಣ್ಣು. ಅದಕ್ಕಿಂತ ಮುಖ್ಯ ಅದರಲ್ಲಿ ನೀರು ಎಷ್ಟು ಅನ್ನುವುದು. ಸಾಮಾನ್ಯ ಲೆಕ್ಕ ಹೀಗೆ: 10 ಸೆಂ.ಮೀ. ಹಿಮ ಕರಗಿದರೆ 1 ಸೆಂ.ಮೀ. ನೀರು. ಕೊರೆಯುವ ಚಳಿಯಲ್ಲಿ ಬೀಳುವ ಪುಡಿ ಹಿಮವಾದರೆ ಅಷ್ಟೇ ನೀರಿಗೆ 20 ಸೆಂ.ಮೀ. ಬೇಕು. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮಕ್ಕೆ 5 ಸೆಂ.ಮೀ. ಸಾಕು. ಋತುವಿಗೆ ಮುಂಚೆ ಬರುವುದು ಹೆಚ್ಚಾಗಿ ಈ ಒದ್ದೆ ಜಾತಿಯದೇ.

ಲೆಕ್ಕ ಹಾಕಿ ನೋಡಿ. 10 ಮೀಟರ್ ಉದ್ದ, 8 ಮೀಟರ್ ಅಗಲದ ಚಾವಣಿ. ಅದರ ಮೇಲೆ 40 ಸೆಂ.ಮೀ. ಪುಡಿ ಹಿಮ ಬಿದ್ದರೆ ಭಾರ ಒಂದೂವರೆ ಟನ್ ಚಿಲ್ಲರೆ. ಒದ್ದೆ ಹಿಮವಾದರೆ ಆರು ಟನ್ ದಾಟುತ್ತದೆ. ದೊಡ್ಡದೊಂದು ಗಂಡಾನೆ ಮಾಡಿನ ಮೇಲೆ ಹತ್ತಿ ಮಲಗಿದ ಹಾಗೆ!

ಎರಡನೆಯದು ಎತ್ತರ. ಮುನ್ಸೂಚನೆಯಲ್ಲಿರುವ ತಾಪಮಾನ ಸಾಮಾನ್ಯವಾಗಿ ಕಣಿವೆಯ ಊರಿನದ್ದು. ಮೇಲೆ ಹೋದಂತೆ ಪ್ರತಿ 1000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 1500 ಮೀಟರ್‌ನ ಊರಲ್ಲಿ 9 ಡಿಗ್ರಿ, ಮಳೆ ಅಂತಿದ್ದರೆ 3000 ಮೀಟರ್‌ನ ಘಾಟಿಯಲ್ಲಿ ಸೊನ್ನೆಗಿಂತ ಕೆಳಗೆ, ಅಂದರೆ ಹಿಮ. ಜೋರಾಗಿ ಸುರಿಯುವಾಗ ಕರಗುವ ಹಿಮವೇ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಆಗ ಹಿಮದ ಗಡಿ ಅಂದಾಜಿಗಿಂತ ಕೆಳಗೂ ಇಳಿದುಬಿಡುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ‘ಹಿಮಪಾತ’ ಅಂತ ಹಿಮ ಬೀಳುವುದಕ್ಕೂ ಬರೆಯುತ್ತೇವೆ, ಹಿಮ ಕುಸಿಯುವುದಕ್ಕೂ ಬರೆಯುತ್ತೇವೆ. ಸುದ್ದಿ ಓದುವಾಗ ಯಾವುದು ಅಂತ ನೋಡಿಕೊಳ್ಳಿ. ಎರಡಕ್ಕೂ ಮಾಡಬೇಕಾದ್ದು ಬೇರೆ ಬೇರೆ.

ಆಮೇಲೆ: ಮೇಲಿದ್ದರೆ ಕೆಳಗಿಳಿಯಿರಿ

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಬಳಿ ದಡ ಮುಟ್ಟಿತು. ಎರಡೇ ದಿನಕ್ಕೆ ಅದರ ಅಳಿದುಳಿದ ತೇವ ನೇಪಾಳದ ಅನ್ನಪೂರ್ಣಾ ಸುತ್ತಮುತ್ತ ಹಿಮವಾಗಿ ಸುರಿಯಿತು. ಚಾರಣಕ್ಕೆ ಹೇಳಿ ಮಾಡಿಸಿದ ತಿಂಗಳು ಅದು. 5416 ಮೀಟರ್ ಎತ್ತರದ ಥೊರಾಂಗ್ ಲಾ ಘಾಟಿಯ ಆಸುಪಾಸಿನಲ್ಲಿ ತುಂಬಾ ಜನರಿದ್ದರು. ಆ ಬಿರುಗಾಳಿ, ಹಿಮಕುಸಿತಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ದೂರದ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಅಂದರೆ ಬೆಟ್ಟದಲ್ಲಿರುವವರೂ ಕಿವಿಗೊಡಬೇಕು. ‘ಇಷ್ಟು ದೂರ ಬಂದಿದ್ದೇವೆ, ಇನ್ನೊಂದೇ ಘಾಟಿ’ ಅನ್ನುವ ಲೆಕ್ಕಾಚಾರ ಬೇಡ. ಹಿಮ ಶುರುವಾಗುವ ಮುಂಚೆ ಇಳಿಯಿರಿ, ಇಲ್ಲವೇ ಇರುವ ಊರಲ್ಲೇ ಉಳಿಯಿರಿ.

ಮನೆ, ಕೊಟ್ಟಿಗೆ, ಗಾಡಿ

ತಂತಿ ಹಾದುಹೋಗುವ ಜಾಗದ, ಚಾವಣಿ ಮೇಲೆ ಬಾಗಿದ ಕೊಂಬೆಗಳನ್ನು ಮೊದಲೇ ಕಡಿಸಿ. ತಂತಿಗೇ ತಾಗಿದ್ದರೆ ನೀವು ಕೈ ಹಾಕಬೇಡಿ, ಲೈನ್‌ಮನ್ ಬರಲಿ. ಗಾಡಿಯನ್ನು ಮರದ ಕೆಳಗಿಂದ ತೆಗೆಯಿರಿ. ಕುಡಿಯುವ ನೀರು, ಒಲೆ ಹಚ್ಚದೆ ತಿನ್ನಬಹುದಾದ ಊಟ, ಔಷಧಿ, ಟಾರ್ಚ್ ಮೂರು ದಿನಕ್ಕಾಗುವಷ್ಟಿರಲಿ. ಜನರೇಟರ್ ಮನೆಯೊಳಗೂ ಬೇಡ, ವರಾಂಡದಲ್ಲೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ ಇಡಿ.

ದನಕುರಿಗಳನ್ನು ಸುಮ್ನೆ ‘ಅವಕ್ಕೇನು, ಚಳಿ ತಡೀತವೆ’ ಅಂತ ಬಯಲಲ್ಲಿ ಬಿಡಬೇಡಿ. 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಸಾವಿರಾರು ದನ ಸತ್ತವು. ಚಳಿಗಾಲದ ದಪ್ಪ ಕೂದಲು ಇನ್ನೂ ಬಂದಿರಲಿಲ್ಲ. ಮೊದಲು ಮಳೆ ಬಂದು ಮೈಯೆಲ್ಲ ತೊಯ್ದಿತ್ತು, ಮೇಲೆ ಹಿಮಗಾಳಿ ಬೀಸಿತು. ಮನುಷ್ಯರಿಗೂ ಇದೇ ಮಾತು. ಬರೀ ಚಳಿಗಿಂತ ಒದ್ದೆ ಬಟ್ಟೆ ಅಪಾಯ. ಹತ್ತಿಬಟ್ಟೆ ನೆನೆದರೆ ಮೈಗೆ ಅಂಟಿಕೊಂಡು ಬಿಸಿ ಹೀರುತ್ತದೆ. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿಡುತ್ತದೆ.

ಗಾಡಿಯ ವಿಷಯಕ್ಕೆ ಬಂದರೆ, ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿರುವುದೂ ಬೇಸಿಗೆಯ ಡೀಸೆಲ್ಲೇ ಅಲ್ವಾ? ಚಳಿ ಜಾಸ್ತಿಯಾದರೆ ಅದರಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ಚಳಿಗಾಲದ ಡೀಸೆಲ್ ಸಿಕ್ಕರೆ ಅದನ್ನೇ ತುಂಬಿಸಿ. ಸಲಿಕೆ, ಕಂಬಳಿ, ನೀರು ಡಿಕ್ಕಿಯಲ್ಲಲ್ಲ, ಸೀಟಿನ ಹಿಂದೆ ಇಡಿ. ಹಿಮ ಮುಚ್ಚಿಕೊಂಡ ಮೇಲೆ ಡಿಕ್ಕಿ ತೆಗೆಯುವುದು ಕಷ್ಟ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ

ಗಾಡಿ ಬಿಟ್ಟು ನಡೆಯಬೇಡಿ. ಹಿಮಗಾಳಿಯಲ್ಲಿ ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ, ಹುಡುಕುವವರಿಗೆ ನಿಮಗಿಂತ ಗಾಡಿ ಬೇಗ ಸಿಗುತ್ತದೆ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ ಹೀಟರ್ ಹಾಕಿಕೊಳ್ಳಿ. ಪ್ರತಿ ಸಲವೂ ಮೊದಲು ಇಳಿದು ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತಿದೆಯಾ ನೋಡಿ, ಕೈಯಲ್ಲಾದರೂ ಬಿಡಿಸಿ. ಗಾಳಿ ಬರದ ಕಡೆಯ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಮೊಬೈಲ್ ಅಂಗಿಯೊಳಗೆ ಇರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಬೆಚ್ಚಗಾಗಲಿ ಅಂತ ಒಂದು ಪೆಗ್ ಹಾಕುವುದು ಬೇಡ. ಚರ್ಮ ಬಿಸಿಯಾದಂತೆ ಅನಿಸುತ್ತದೆ, ಮೈಯೊಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ.

ನಿಂತ ಮೇಲೆ

ಒದ್ದೆ ಹಿಮ ಎತ್ತುವುದು ಒದ್ದೆ ಮರಳು ಎತ್ತಿದ ಹಾಗೆ. ಪ್ರತಿ ಚಳಿಗಾಲವೂ ಈ ಕೆಲಸದಲ್ಲಿ ಎದೆ ಹಿಡಿದುಕೊಂಡು ಬೀಳುವವರಿದ್ದಾರೆ. ಅರ್ಧ ಸಲಿಕೆ ತುಂಬಿ, ಆದಷ್ಟೂ ತಳ್ಳಿ, ಎತ್ತಬೇಡಿ. ಹೃದಯದ ತೊಂದರೆ ಇದ್ದವರು ಬೇರೆಯವರಿಗೆ ಬಿಡಿ.

ಬಿಸಿಲು ಬಂತು ಅಂತ ಇಳಿಜಾರಿನ ಕಡೆ ಹೋಗುವುದಕ್ಕೆ ಅವಸರ ಬೇಡ. ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ. ಹಿಮ ಬೀಳುತ್ತಿರುವಾಗ ಮತ್ತು ನಿಂತ ಒಂದೆರಡು ದಿನ ಅಪಾಯ ಜಾಸ್ತಿ. ಕಾಲಿಟ್ಟಾಗ ಒಳಗಿಂದ ‘ಧುಪ್’ ಅಂತ ಸದ್ದು ಬಂದರೆ ವಾಪಸ್ ತಿರುಗಿ.

ಈ ಮೊದಲ ಹಿಮ ಊರಲ್ಲಿ ವಾರದೊಳಗೆ ಕರಗಿಹೋಗಬಹುದು. ಮೇಲೆ, ಬಿಸಿಲು ತಾಗದ ಇಳಿಜಾರುಗಳಲ್ಲಿ ಹಾಗೇ ಉಳಿದು ಸಕ್ಕರೆಯಂತೆ ಉದುರು ಉದುರಾಗುತ್ತದೆ. ಮುಂದಿನ ಹಿಮ ಆ ಸಕ್ಕರೆ ಮೇಲೆ ಕೂತರೆ ಜಾರಲು ಸಣ್ಣ ನೆಪ ಸಾಕು. ಆಕಾಶ ತಿಳಿಯಾದ ದಿನ ಯಾವ ಇಳಿಜಾರಲ್ಲಿ ಹಿಮ ಉಳಿದಿದೆ ಅಂತ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಎಲ್ಲವೂ ಒಂದೇ ಸಮ ಬೆಳ್ಳಗಾದಾಗ ಅದನ್ನು ತೆಗೆದು ನೋಡಬಹುದು.