ಉನ್ಸಾನ್ ಕದನವನ್ನು ಗಂಟೆಗಳ ಲೆಕ್ಕದಲ್ಲಿ ಓದುವ ಕ್ರಮ

ಕೊರಿಯಾ ಯುದ್ಧದ ವೇಳೆ, 1950ರ ನವೆಂಬರ್ 1ರ ಸಂಜೆ, ಉತ್ತರ ಕೊರಿಯಾದ ಉನ್ಸಾನ್ ಪಟ್ಟಣದ ಸುತ್ತ ಬೀಡುಬಿಟ್ಟಿದ್ದ ಅಮೆರಿಕದ 8ನೇ ಕ್ಯಾವಲ್ರಿ ರೆಜಿಮೆಂಟ್ ಮತ್ತು ದಕ್ಷಿಣ ಕೊರಿಯಾದ 15ನೇ ರೆಜಿಮೆಂಟ್‌ಗಳ ಮೇಲೆ ಚೀನಾದ 39ನೇ ಸೇನೆ ನಡೆಸಿದ ದಾಳಿಯನ್ನು ಬಹಳಷ್ಟು ಬರಹಗಳು ‘ಅನಿರೀಕ್ಷಿತ’ ಎಂದು ಕರೆದು ಮುಂದಕ್ಕೆ ಸಾಗುತ್ತವೆ. ಯಾರಿಗೆ, ಯಾವ ಹೊತ್ತಿಗೆ, ಎಷ್ಟು ತಿಳಿದಿತ್ತು ಎಂದು ಕೇಳುತ್ತ ಓದಿದರೆ ಮಾತ್ರ ಈ ಕದನ ಅರ್ಥವಾಗುತ್ತದೆ.

ಮೊದಲು ಒಂದು ನಕ್ಷೆ ಬರೆದುಕೊಳ್ಳಿ. ಚೊಂಗ್‌ಚೊನ್ ನದಿಯ ಉತ್ತರಕ್ಕೆ ಉನ್ಸಾನ್ ಪಟ್ಟಣವನ್ನೂ, ಇನ್ನೂ ಉತ್ತರಕ್ಕೆ ಚೀನಾದ ಗಡಿಯಾದ ಯಾಲು ನದಿಯನ್ನೂ ಗುರುತಿಸಿ. 8ನೇ ಕ್ಯಾವಲ್ರಿಯ (ಹೆಸರಿಗಷ್ಟೇ ಅಶ್ವದಳ, ಕುದುರೆಗಳಿರಲಿಲ್ಲ) 1ನೇ ಬಟಾಲಿಯನ್ ಪಟ್ಟಣದ ಉತ್ತರಕ್ಕೆ, 2ನೆಯದು ಪಶ್ಚಿಮಕ್ಕೆ, 3ನೆಯದು ನೈಋತ್ಯದಲ್ಲಿ ನಾಮ್ಯೊನ್ ಹೊಳೆಯ ಬಳಿ, ಕೊರಿಯನ್ 15ನೇ ರೆಜಿಮೆಂಟ್ ಪೂರ್ವಕ್ಕೆ ನಿಂತಿದ್ದವು. ದಕ್ಷಿಣಕ್ಕೆ ಹೋಗುವ ರಸ್ತೆಯನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ಆ ಇರುಳಿನ ಎಲ್ಲ ಅನಾಹುತಗಳೂ ಆ ರಸ್ತೆಗೇ ಬಂದು ಕೂಡಿಕೊಳ್ಳುತ್ತವೆ.

ನಂತರ ಅಮೆರಿಕನ್, ಕೊರಿಯನ್ (ಅಂದರೆ ದಕ್ಷಿಣ ಕೊರಿಯಾದವರು), ಚೀನೀ ಎಂದು ಮೂರು ಅಂಕಣಗಳ ಪಟ್ಟಿ ಮಾಡಿ, ಅದನ್ನು ನವೆಂಬರ್ 1ರಿಂದಲ್ಲ, ಅಕ್ಟೋಬರ್ 3ರಿಂದ ಆರಂಭಿಸಿ. ಆ ದಿನದ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಪಡೆಗಳು ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶವನ್ನು ದಾಟಿದರೆ ಚೀನಾ ಮಧ್ಯಪ್ರವೇಶಿಸುವುದೆಂದು ತಿಳಿಸಿದರು. ಕನ್ನಡಿಗರಾದ ನಾವು ಕೊರಿಯಾ ಯುದ್ಧವನ್ನು ನೆನೆಯುವುದು ಸಾಮಾನ್ಯವಾಗಿ ಸೆರೆಯಾಳುಗಳ ಆಯೋಗದ ಅಧ್ಯಕ್ಷರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರ ಮೂಲಕ. ಆದರೆ ಅದು 1953ರ ಮಾತು, ಭಾರತದ ಪಾತ್ರ ಅದಕ್ಕಿಂತ ಮೂರು ವರ್ಷ ಮೊದಲೇ ಇಲ್ಲಿ ಕಾಣಿಸುತ್ತದೆ. ಪಣಿಕ್ಕರ್ ಮುಟ್ಟಿಸಿದ ಎಚ್ಚರಿಕೆಯನ್ನು ವಾಷಿಂಗ್ಟನ್ ಗಂಭೀರವಾಗಿ ಪರಿಗಣಿಸಲಿಲ್ಲ. ಅಕ್ಟೋಬರ್ 15ರಂದು ಪೆಸಿಫಿಕ್‌ನ ವೇಕ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಗಳ ಮಹಾದಂಡನಾಯಕ ಮೆಕಾರ್ಥರ್, ಚೀನಾ ಬರುವ ಸಂಭವ ತೀರಾ ಕಡಿಮೆ ಎಂದು ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಹೇಳಿದರು. ನಾಲ್ಕೇ ದಿನಗಳಲ್ಲಿ ಚೀನೀ ಪಡೆಗಳು ಯಾಲು ದಾಟತೊಡಗಿದವು.

ಕೊರಿಯನ್ ಅಂಕಣವನ್ನು ಖಾಲಿ ಬಿಡಬೇಡಿ. ಇಂಗ್ಲಿಷ್ ಬರಹಗಳಲ್ಲಿ ಕೊರಿಯನ್ನರು ಕುಸಿದುಬಿದ್ದವರಾಗಿ ಮಾತ್ರ ಕಾಣುತ್ತಾರೆ. ಇದು ನ್ಯಾಯವಲ್ಲವೆಂದು ನನ್ನ ಎಣಿಕೆ. ಅಕ್ಟೋಬರ್ 25ರಂದು ಉನ್ಸಾನ್ ಬಳಿ ಸೆರೆಸಿಕ್ಕ ಚೀನೀ ಸೈನಿಕನನ್ನು ಕೊರಿಯನ್ 1ನೇ ಡಿವಿಷನ್ನಿನ ದಂಡನಾಯಕ ಪೈಕ್ ಸನ್-ಯುಪ್ ಚೀನೀ ಭಾಷೆಯಲ್ಲಿ ತಾವೇ ವಿಚಾರಿಸಿ, ತಿಳಿದುದನ್ನು ಮೇಲಕ್ಕೆ ವರದಿ ಮಾಡಿದ್ದರು.

ನವೆಂಬರ್ 1ರ ಮಧ್ಯಾಹ್ನಕ್ಕೆ ಬಂದಾಗ ನಿಧಾನಿಸಿ. ಚೀನೀಯರು ಕಾಡಿಗೆ ಹಚ್ಚಿದ ಬೆಂಕಿಯ ಹೊಗೆ ವಿಮಾನಗಳ ಕಣ್ಣು ಮರೆಸಿತ್ತು. ಆದರೂ ಶತ್ರುವಿನ ಕಾಲಾಳುಗಳು ಸಾಲುಸಾಲಾಗಿ ಬರುತ್ತಿರುವುದು ವಾಯುವೀಕ್ಷಕರಿಗೆ ಕಂಡಿತ್ತು. 8ನೇ ಕ್ಯಾವಲ್ರಿ ಸೇರಿದ್ದ 1ನೇ ಕ್ಯಾವಲ್ರಿ ಡಿವಿಷನ್ನಿನ ದಂಡನಾಯಕ ಮೇಜರ್ ಜನರಲ್ ಹೋಬಾರ್ಟ್ ಗೇ ರೆಜಿಮೆಂಟನ್ನು ಹಿಂದಕ್ಕೆ ಕರೆಸಿಕೊಳ್ಳಲು ಅನುಮತಿ ಕೇಳಿದರು. ಆಗ ಅದು ದೊರೆಯಲಿಲ್ಲ. ಅನುಮತಿ ಸಿಗುವ ಹೊತ್ತಿಗೆ ರಾತ್ರಿಯಾಗಿ, ದಾರಿಯೂ ಮುಚ್ಚಿಹೋಗುತ್ತಿತ್ತು. ಕೇಳಿದ ಹೊತ್ತು, ಕೊಟ್ಟ ಹೊತ್ತು ಎರಡನ್ನೂ ಪಟ್ಟಿಯಲ್ಲಿ ಅಕ್ಕಪಕ್ಕ ಬರೆಯಿರಿ.

ತಿಳಿಯದಿದ್ದುದು ಒಂದೇ ಪಕ್ಷಕ್ಕಲ್ಲ. ಎದುರಿಗಿರುವವರು ಕೊರಿಯನ್ನರೆಂದೇ ಚೀನೀಯರೂ ಎಣಿಸಿದ್ದರು. ಕೊರಿಯನ್ನರ ಜಾಗಕ್ಕೆ ಅಮೆರಿಕನ್ನರು ಬರುತ್ತಿದ್ದ ಅದಲುಬದಲನ್ನು ಕಂಡು, ಶತ್ರು ಹಿಂದೆ ಸರಿಯುತ್ತಿದ್ದಾನೆಂದು ಭಾವಿಸಿ, ನಿಗದಿಗಿಂತ ಮುಂಚೆಯೇ ಸಂಜೆ 5ರ ಸುಮಾರಿಗೆ ದಾಳಿಗಿಳಿದರು. ರಾತ್ರಿ 3ರ ಆಸುಪಾಸಿನಲ್ಲಿ ಚೀನೀ ಕಂಪನಿಯೊಂದು ಸಾಲುಗಟ್ಟಿ ನಾಮ್ಯೊನ್ ಸೇತುವೆ ದಾಟಿದಾಗ, ಅವರನ್ನು ಕೊರಿಯನ್ನರೆಂದು ತಿಳಿದ ಕಾವಲಿನವರು ತಡೆಯಲಿಲ್ಲ. ಕಹಳೆ ಮೊಳಗಿದ ಮೇಲೆ 3ನೇ ಬಟಾಲಿಯನ್ ಸುತ್ತುವರಿಯಲ್ಪಟ್ಟಿತು. ಅದನ್ನು ಬಿಡಿಸಲು ಹೊರಟ 5ನೇ ಕ್ಯಾವಲ್ರಿ ದಕ್ಷಿಣದ ತಡೆಯನ್ನು ಭೇದಿಸಲಾಗದೆ ಹಿಂದಿರುಗಿತು.

ಸಾವುನೋವಿನ ಸಂಖ್ಯೆಗಳನ್ನು ಅವು ಯಾವ ದಿನದವು ಎಂಬುದರೊಡನೆಯೇ ಬರೆದುಕೊಳ್ಳಿ. 8ನೇ ಕ್ಯಾವಲ್ರಿಯಲ್ಲಿ ಮೊದಲು ಸಾವಿರಕ್ಕೂ ಹೆಚ್ಚು ಮಂದಿ ಕಾಣೆಯಾಗಿದ್ದರೆಂದು ಎಣಿಸಲಾಗಿತ್ತು. ಬೆಟ್ಟಗಳಲ್ಲಿ ಅಲೆದವರು ಒಬ್ಬೊಬ್ಬರಾಗಿ ಬಂದು ಸೇರಿದಂತೆ ಆ ಲೆಕ್ಕ ಇಳಿಯಿತು.

ಕದನ ಮುಗಿಯಿತೆನ್ನುವ ನವೆಂಬರ್ 4ಕ್ಕೇ ಪಟ್ಟಿಯನ್ನು ನಿಲ್ಲಿಸಬೇಡಿ. 6ರ ಹೊತ್ತಿಗೆ ಚೀನೀಯರು ಗುಡ್ಡಗಳಲ್ಲಿ ಕಣ್ಮರೆಯಾದರು. ಈ ಹಿಂಜರಿತವನ್ನು ಮೆಕಾರ್ಥರ್ ಅವರ ಕಚೇರಿ ದೌರ್ಬಲ್ಯವೆಂದು ಓದಿಕೊಂಡಿತು, 24ರಂದು ಮತ್ತೆ ಉತ್ತರಕ್ಕೆ ಮುನ್ನಡೆಯುವ ಕಾರ್ಯಾಚರಣೆ ಆರಂಭವಾಯಿತು, 25ರ ರಾತ್ರಿ ಚೊಂಗ್‌ಚೊನ್ ಉದ್ದಕ್ಕೂ ಚೀನಾದ ಎರಡನೆಯ ಮಹಾದಾಳಿ ಬಿತ್ತು. ಆ ಇಪ್ಪತ್ತು ದಿನಗಳ ಸಾಲುಗಳನ್ನು ಮೂರೂ ಅಂಕಣಗಳಲ್ಲಿ ತುಂಬಿಸಿ.